ಪೋಷಣೆಯ ಮುಚ್ಚಳಿಕೆ: ಬಾಳಸಂಗಾತಿಯ ವೀಸಾಕ್ಕೆ ತೆರಿಗೆ ವಿವರ ಸೇರಿದ ಕತೆ

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಊರಿಗೆ ಬಂದು ಮದುವೆಯಾಗಿ, ಹೆಂಡತಿಯನ್ನೋ ಗಂಡನನ್ನೋ ವಲಸೆ ವೀಸಾದ ಮೇಲೆ ಕರೆಸಿಕೊಳ್ಳುವಾಗ ಮದುವೆಯ ದಾಖಲೆಯೊಂದೇ ಸಾಲದು. ಐ-864 ಎಂಬ ಪೋಷಣೆಯ ಮುಚ್ಚಳಿಕೆಯನ್ನು ಬರೆದುಕೊಡಬೇಕು, ಅದಕ್ಕೆ ಕರೆಸಿಕೊಳ್ಳುವವರ ಆದಾಯ ತೆರಿಗೆ ವಿವರವನ್ನು ಲಗತ್ತಿಸಬೇಕು. ಈ ಕಟ್ಟಳೆ ಇಂದಿನ ರೂಪದಲ್ಲಿ ಜಾರಿಗೆ ಬಂದದ್ದು 1997ರ ಡಿಸೆಂಬರ್ 19ರಂದು. ಅದರ ಬೇರು ಮಾತ್ರ ನೂರಕ್ಕೂ ಹೆಚ್ಚು ವರ್ಷ ಹಿಂದಿನದು.

1882ರ ಆಗಸ್ಟ್ 3ರಂದು ಅಂಗೀಕಾರವಾದ ಅಮೆರಿಕದ ವಲಸೆ ಕಾಯ್ದೆ, ತಮ್ಮನ್ನು ತಾವು ನೋಡಿಕೊಳ್ಳಲಾರದೆ ಸಾರ್ವಜನಿಕರಿಗೆ ಹೊರೆಯಾಗುವವರನ್ನು ಬಂದರಿನಲ್ಲೇ ತಡೆಯಬೇಕೆಂದು ವಿಧಿಸಿತು. ಹಡಗಿನಿಂದ ಇಳಿಯುವ ಪ್ರತಿ ಪರದೇಶಿಯ ಮೇಲೆ 50 ಸೆಂಟ್ ತಲೆಗಂದಾಯವನ್ನೂ ಹಾಕಿತು. 1891ರ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, ಮುಂದೆಂದಾದರೂ ಹೊರೆಯಾಗುವ ಸಂಭವವಿದ್ದವರನ್ನೂ ತಡೆಯಲು ಅಧಿಕಾರ ಕೊಟ್ಟಿತು. ಆಗಲೇ ಆದದ್ದನ್ನು ನೋಡಿ ತೀರ್ಮಾನಿಸುವುದು ಬೇರೆ, ಆಗಬಹುದಾದದ್ದನ್ನು ಊಹಿಸಿ ತೀರ್ಮಾನಿಸುವುದು ಬೇರೆ. ಈ ಬದಲಾವಣೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ಹೆಂಗಸರ ಮೇಲೆ. 1892ರಲ್ಲಿ ತೆರೆದ ಎಲ್ಲಿಸ್ ದ್ವೀಪದ ವಲಸೆ ಠಾಣೆಯಲ್ಲಿ ಒಂಟಿಯಾಗಿ ಬಂದ ಹೆಂಗಸನ್ನು, ಗಂಡನೋ ಹತ್ತಿರದ ನೆಂಟರೋ ಬಂದು ಕರೆದೊಯ್ಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ.

ಆಗ ತೆರಿಗೆ ವಿವರ ಕೇಳುವ ಪ್ರಶ್ನೆಯೇ ಇರಲಿಲ್ಲ. ಅಮೆರಿಕದ ಸಂವಿಧಾನಕ್ಕೆ 16ನೆಯ ತಿದ್ದುಪಡಿ ಬಂದು ಆದಾಯ ತೆರಿಗೆ ನೆಲೆಗೊಂಡದ್ದು 1913ರಲ್ಲಿ. 1040 ಎಂಬ ನಮೂನೆ ಮೊದಲು ಜನರ ಕೈಗೆ ಬಂದದ್ದು 1914ರಲ್ಲಿ. ಒಂಟಿ ವ್ಯಕ್ತಿಗೆ 3,000 ಡಾಲರ್, ವಿವಾಹಿತರಿಗೆ 4,000 ಡಾಲರ್ ವರೆಗೆ ವಿನಾಯಿತಿ ಇದ್ದುದರಿಂದ ಸಾಮಾನ್ಯ ಕೂಲಿಗಾರರು ಆ ನಮೂನೆಯನ್ನು ಕಣ್ಣಿನಿಂದಲೂ ಕಂಡಿರಲಿಲ್ಲ. 1930ರ ಸೆಪ್ಟೆಂಬರಿನಲ್ಲಿ, ಆರ್ಥಿಕ ಕುಸಿತದ ನಡುವೆ, ಅಧ್ಯಕ್ಷ ಹೂವರ್ ಅವರ ಸರ್ಕಾರ ಸಾರ್ವಜನಿಕ ಹೊರೆಯ ನಿಯಮವನ್ನು ಬಿಗಿಯಾಗಿ ಪಾಲಿಸುವಂತೆ ವಿದೇಶಗಳಲ್ಲಿದ್ದ ತನ್ನ ಕಾನ್ಸಲ್‌ಗಳಿಗೆ ತಾಕೀತು ಮಾಡಿತು. ಅಲ್ಲಿಂದ ಅಮೆರಿಕದಲ್ಲಿರುವ ಬಂಧುಗಳ ಪ್ರಮಾಣಪತ್ರಕ್ಕೆ ಬೆಲೆ ಬಂತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದ ಯಹೂದಿ ಕುಟುಂಬಗಳ ಪರವಾಗಿ ಅಮೆರಿಕದ ನೆಂಟರು ಬ್ಯಾಂಕಿನ ಪತ್ರ, ಆಸ್ತಿಯ ವಿವರಗಳ ಜೊತೆಗೆ ದೃಢೀಕರಿಸಿದ ತೆರಿಗೆ ರಿಟರ್ನಿನ ನಕಲನ್ನೂ ಕೊಡಬೇಕಾಯಿತು. ಸರ್ಕಾರದ ವರಮಾನಕ್ಕೆಂದು ಹುಟ್ಟಿದ ಕಾಗದ ಹೀಗೆ ವಲಸೆಯ ಬಾಗಿಲಿಗೆ ಬಂತು. ಅದನ್ನು ಹೊಂದಿಸಲಾರದೆ ಉಳಿದುಹೋದವರ ಗತಿಯನ್ನು ನೆನೆದರೆ, ಇದನ್ನು ಬರಿಯ ಕಚೇರಿಯ ವ್ಯವಹಾರವೆಂದು ತಳ್ಳಿಹಾಕಲಾಗದು. ಎರಡನೆಯ ಮಹಾಯುದ್ಧದ ಖರ್ಚಿಗಾಗಿ ತೆರಿಗೆಯನ್ನು ಸಾಮಾನ್ಯ ಸಂಬಳದಾರರಿಗೂ ಹಬ್ಬಿಸಿ, 1943ರಿಂದ ಸಂಬಳದಲ್ಲೇ ಮುರಿದುಕೊಳ್ಳತೊಡಗಿದ ಮೇಲೆ ಈ ಪುರಾವೆ ಬಹುತೇಕ ಎಲ್ಲರ ಬಳಿಯೂ ಇರುವಂಥದ್ದಾಯಿತು.

ಭಾರತೀಯರಿಗೆ ಆ ಕಾಲದಲ್ಲಿ ಬಾಗಿಲೇ ಮುಚ್ಚಿತ್ತು. 1917ರ ಕಾಯ್ದೆ ಭಾರತವನ್ನೂ ಸೇರಿಸಿ ಏಷ್ಯಾದ ಬಹುಭಾಗವನ್ನು ನಿಷೇಧಿತ ವಲಯವೆಂದು ಸಾರಿತು. 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವದ ಹಕ್ಕಿಲ್ಲವೆಂದಿತು. ಕ್ಯಾಲಿಫೋರ್ನಿಯದ ಹೊಲಗಳಲ್ಲಿ ದುಡಿಯುತ್ತಿದ್ದ ಪಂಜಾಬಿ ಗಂಡಸರು ಊರಿನಿಂದ ಹೆಂಡತಿಯರನ್ನು ಕರೆಸಲಾಗದೆ ಹೋದರು, ಹಲವರು ಮೆಕ್ಸಿಕೋ ಮೂಲದ ಹೆಣ್ಣುಗಳನ್ನು ಮದುವೆಯಾದರು. 1946ರ ಲ್ಯೂಸ್–ಸೆಲ್ಲರ್ ಕಾಯ್ದೆ ವರ್ಷಕ್ಕೆ 100 ಭಾರತೀಯರಿಗೆ ಜಾಗ ಕೊಟ್ಟು, ಪೌರತ್ವದ ದಾರಿಯನ್ನೂ ತೆರೆಯಿತು.

ಕನ್ನಡಿಗರ ಕತೆ ನಿಜವಾಗಿ ಶುರುವಾಗುವುದು ಆ ಬಾಗಿಲನ್ನು ಅಗಲವಾಗಿ ತೆರೆದ 1965ರ ಹಾರ್ಟ್–ಸೆಲ್ಲರ್ ಕಾಯ್ದೆಯಿಂದ. ಕರ್ನಾಟಕದ ವೈದ್ಯರು, ಎಂಜಿನಿಯರುಗಳು, ಸಂಶೋಧಕರು 1970ರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. 1965ರ ಆ ಕಾಯ್ದೆಯಲ್ಲಿ ಅಮೆರಿಕದ ಪ್ರಜೆಯ ಗಂಡ ಅಥವಾ ಹೆಂಡತಿಗೆ ವಾರ್ಷಿಕ ಮಿತಿಯೇ ಇರಲಿಲ್ಲ. ಗ್ರೀನ್ ಕಾರ್ಡಿನವರ ಬಾಳಸಂಗಾತಿಗೆ ಮಾತ್ರ ಸರದಿ ಇತ್ತು. ಇದರೊಳಗೆ ಇನ್ನೊಂದು ಸೂಕ್ಷ್ಮವಿತ್ತು. ಗ್ರೀನ್ ಕಾರ್ಡ್ ಸಿಗುವ ಮೊದಲೇ ಮದುವೆಯಾಗಿದ್ದರೆ ಹೆಂಡತಿ ಗಂಡನ ಅರ್ಜಿಯ ಬೆನ್ನಿಗೇ ಹೋಗಬಹುದಿತ್ತು. ಕಾರ್ಡ್ ಬಂದ ಮೇಲೆ ಮದುವೆಯಾದರೆ ಬೇರೆ ಅರ್ಜಿ ಹಾಕಿ ಸರದಿಯಲ್ಲಿ ಕಾಯಬೇಕಿತ್ತು. 1990ರ ದಶಕದ ಕೊನೆಯಲ್ಲಿ, ಸಾಫ್ಟ್‌ವೇರ್ ಎಂಜಿನಿಯರುಗಳ ಕಾಲಕ್ಕೆ, ಆ ಸರದಿ ನಾಲ್ಕೈದು ವರ್ಷಕ್ಕೆ ಬೆಳೆಯಿತು. ಗ್ರೀನ್ ಕಾರ್ಡ್ ಬರುವ ಮುನ್ನವೇ ಲಗ್ನ ಮುಗಿಸಿಬಿಡುವ ಆತುರಕ್ಕೆ ಜಾತಕಕ್ಕಿಂತ ಈ ನಿಯಮವೇ ಕಾರಣವಾದ ಮನೆಗಳುಂಟು. 2000ದ ಡಿಸೆಂಬರಿನಲ್ಲಿ ಬಂದ ಕಾಯ್ದೆಯೊಂದು, ಅಷ್ಟರೊಳಗೆ ಅರ್ಜಿ ಹಾಕಿ ಮೂರು ವರ್ಷ ಕಾದವರಿಗೆ 'ವಿ' ಎಂಬ ತಾತ್ಕಾಲಿಕ ವೀಸಾ ಕೊಟ್ಟಿತು. ಕಾದು ಸೋತವರಿಗೆ ಅದು ತಕ್ಕಮಟ್ಟಿನ ಪರಿಹಾರ ಮಾತ್ರ.

ಎಚ್-1ಬಿ ಎಂಬ ತಾತ್ಕಾಲಿಕ ನೌಕರಿ ವೀಸಾದವರ ಸಂಗಾತಿಗಳು ಎಚ್-4 ವೀಸಾದಲ್ಲಿ ಹೋಗುವಾಗಲಾಗಲಿ, ಮುಂದೆ ನೌಕರಿಯ ಆಧಾರದ ಮೇಲೆ ಗಂಡನ ಜೊತೆಗೇ ಗ್ರೀನ್ ಕಾರ್ಡ್ ಪಡೆಯುವಾಗಲಾಗಲಿ ಸಾಮಾನ್ಯವಾಗಿ ಐ-864 ಮುಚ್ಚಳಿಕೆ ಬೇಕಿಲ್ಲ. ಹಾಗಾಗಿ ಅಕ್ಕಪಕ್ಕದ ಮನೆಯ ಅನುಭವವನ್ನು ನಂಬಿದವರು ಇಲ್ಲಿ ಎಡವುತ್ತಾರೆ.

1997ಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಐ-134 ಎಂಬ ಪ್ರಮಾಣಪತ್ರ. ಅದರ ಜೊತೆ ತೆರಿಗೆ ರಿಟರ್ನಿನ ನಕಲು, ಬ್ಯಾಂಕಿನ ಪತ್ರ, ನೌಕರಿಯ ಪತ್ರ ಇಡುವ ರೂಢಿಯಿತ್ತು. ಆದರೆ ಮಾತು ಕೊಟ್ಟವನು ತಪ್ಪಿದರೆ ಕೇಳುವವರಿಲ್ಲ. 1950ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಮತ್ತು ಮಿಚಿಗನ್ ನ್ಯಾಯಾಲಯಗಳು, ಇಂಥ ಪತ್ರ ನೈತಿಕ ಹೊಣೆಯನ್ನಷ್ಟೇ ಹೊರಿಸುತ್ತದೆ, ಇದರಿಂದ ಹಣ ವಸೂಲು ಮಾಡಲಾಗದು ಎಂದು ತೀರ್ಪಿತ್ತವು. ನಡುವೆ 1986ರಲ್ಲಿ ಹುಸಿ ಮದುವೆಗಳನ್ನು ತಡೆಯುವ ಕಾಯ್ದೆ ಬಂತು. ಮದುವೆಯಾಗಿ ಎರಡು ವರ್ಷ ತುಂಬದವರಿಗೆ ಷರತ್ತಿನ ಗ್ರೀನ್ ಕಾರ್ಡ್ ಕೊಟ್ಟು, ಎರಡು ವರ್ಷ ತುಂಬುವ ಹೊತ್ತಿಗೆ ಇಬ್ಬರೂ ಸೇರಿ ಮತ್ತೆ ಅರ್ಜಿ ಹಾಕುವ ಪದ್ಧತಿ ಶುರುವಾಯಿತು. ದಂಪತಿ ಒಟ್ಟಾಗಿ ಬಾಳುತ್ತಿರುವುದಕ್ಕೆ ಜಂಟಿ ತೆರಿಗೆ ರಿಟರ್ನ್ ಒಳ್ಳೆಯ ಸಾಕ್ಷಿಯೆನಿಸಿತು. ಅದುವರೆಗೆ ಹಣದ ಸಾಕ್ಷಿಯಾಗಿದ್ದ ಕಾಗದ ಸಂಸಾರದ ಸಾಕ್ಷಿಯೂ ಆಯಿತು.

1996ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಎರಡು ಕಾಯ್ದೆಗಳು, ಒಂದು ಕಲ್ಯಾಣ ನೆರವಿನದು, ಇನ್ನೊಂದು ವಲಸೆಯದು, ಹಳೆಯ ಸಡಿಲವನ್ನು ಕೊನೆಗೊಳಿಸಿ, ಕಾನೂನಿನ ಬಲವುಳ್ಳ ಐ-864ಕ್ಕೆ ದಾರಿ ಮಾಡಿದವು. ಕರೆಸಿಕೊಳ್ಳುವವರ ಆದಾಯ ಬಡತನದ ಮಟ್ಟದ ಶೇ. 125ರಷ್ಟಾದರೂ ಇರಬೇಕು. ಸೈನ್ಯದಲ್ಲಿ ಸೇವೆಯಲ್ಲಿರುವವರು ಸಂಗಾತಿಯನ್ನು ಕರೆಸುವುದಾದರೆ ಶೇ. 100 ಸಾಕು. ಈ ಬಡತನದ ಅಳತೆಯ ಮೂಲ 1960ರ ದಶಕದ ಆರಂಭದಲ್ಲಿ ಮಾಲಿ ಓರ್ಷಾನ್‌ಸ್ಕಿ ಎಂಬ ಸರ್ಕಾರಿ ಅರ್ಥಶಾಸ್ತ್ರಜ್ಞೆ ಕುಟುಂಬದ ಊಟದ ಖರ್ಚನ್ನು ಮೂರರಿಂದ ಗುಣಿಸಿ ಹಾಕಿದ ಲೆಕ್ಕ. 2024ರಲ್ಲಿ ಇಬ್ಬರ ಸಂಸಾರಕ್ಕೆ ಆ ಮಟ್ಟ 20,440 ಡಾಲರ್, ಅದರ ಶೇ. 125 ಎಂದರೆ 25,550 ಡಾಲರ್. ಆದಾಯ ಸಾಲದಿದ್ದರೆ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡಿನವರು ಜಂಟಿ ಹೊಣೆ ಹೊರಬಹುದು. ಆಸ್ತಿಯನ್ನೂ ತೋರಿಸಬಹುದು. ಪ್ರಜೆಯ ಸಂಗಾತಿಗಾದರೆ ಕೊರತೆಯ ಮೂರು ಪಟ್ಟು ಆಸ್ತಿ ಬೇಕು, ಉಳಿದ ಬಹುತೇಕ ಸಂದರ್ಭಗಳಲ್ಲಿ ಐದು ಪಟ್ಟು.

ಆರಂಭದಲ್ಲಿ ಹಿಂದಿನ ಮೂರು ವರ್ಷಗಳ ತೆರಿಗೆ ರಿಟರ್ನ್ ಕೊಡಬೇಕಿತ್ತು. 2006ರ ಜುಲೈ 21ರಿಂದ ಜಾರಿಯಾದ ನಿಯಮ ಇದನ್ನು ಇತ್ತೀಚಿನ ಒಂದು ವರ್ಷಕ್ಕೆ ಇಳಿಸಿತು. ಹೆಚ್ಚಿನ ಅನುಕೂಲಕ್ಕಾಗಿ ಮೂರು ವರ್ಷದ್ದನ್ನೂ ಕೊಡಬಹುದು. ರಿಟರ್ನಿನ ನಕಲಿನ ಬದಲು ತೆರಿಗೆ ಇಲಾಖೆಯಾದ ಐಆರ್‌ಎಸ್ ಕೊಡುವ ಟ್ರಾನ್ಸ್‌ಕ್ರಿಪ್ಟ್ ಕೊಟ್ಟರೂ ನಡೆಯುತ್ತದೆ. ಗಂಡ ಹೆಂಡಿರು ಜಂಟಿಯಾಗಿ ಸಲ್ಲಿಸಿದ್ದರೆ, ಅದರಲ್ಲಿ ತನ್ನ ಪಾಲೆಷ್ಟೆಂದು ತೋರಿಸಲು ಡಬ್ಲ್ಯು-2 ಎಂಬ ಸಂಬಳದ ಚೀಟಿ ಬೇಕಾಗುತ್ತದೆ. ಆದಾಯ ಕಡಿಮೆಯಿದ್ದು ರಿಟರ್ನ್ ಸಲ್ಲಿಸುವ ಅಗತ್ಯವೇ ಇಲ್ಲದವರು ಕಾರಣವನ್ನು ಬರೆದುಕೊಡಬೇಕು. ಸಲ್ಲಿಸಬೇಕಿದ್ದೂ ಬಿಟ್ಟವರು ಮೊದಲು ಆ ಬಾಕಿಯನ್ನು ಸಲ್ಲಿಸಿಯೇ ಮುಂದುವರಿಯಬೇಕು.

ಈ ಕೊನೆಯ ಮಾತು ಬೆಂಗಳೂರಿಗೆ ಹಿಂದಿರುಗಿದ ಅಮೆರಿಕನ್ ಪ್ರಜೆಗಳಿಗೆ ಹೆಚ್ಚು ತಟ್ಟುತ್ತದೆ. ಅಮೆರಿಕ ತನ್ನ ಪ್ರಜೆಗಳು ಎಲ್ಲೇ ಇದ್ದರೂ ಜಗತ್ತಿನೆಲ್ಲೆಡೆಯ ಆದಾಯದ ವಿವರ ಕೇಳುತ್ತದೆ. ಭಾರತದಲ್ಲಿ ತೆರಿಗೆ ಕಟ್ಟಿದೆ, ಅಲ್ಲಿಗೇನು ಎಂದು ಸುಮ್ಮನಿದ್ದವರು ಇಲ್ಲಿ ಮದುವೆಯಾಗಿ ಹೆಂಡತಿಯೊಂದಿಗೆ ಮರಳಲು ಹೊರಟಾಗ ಬಾಕಿ ಕಾಣಿಸಿಕೊಳ್ಳುತ್ತದೆ. ಉದ್ದೇಶಪೂರ್ವಕವಲ್ಲದೆ ತಪ್ಪಿದವರಿಗೆ ಐಆರ್‌ಎಸ್ 2012ರಲ್ಲಿ ಸರಳ ದಾರಿಯೊಂದನ್ನು ತೆರೆಯಿತು: ಮೂರು ವರ್ಷದ ರಿಟರ್ನ್, ಆರು ವರ್ಷದ ವಿದೇಶಿ ಬ್ಯಾಂಕ್ ಖಾತೆಗಳ ವಿವರ. ಸ್ವಂತ ಅಂಗಡಿ, ಪೆಟ್ರೋಲ್ ಬಂಕ್ ನಡೆಸುವವರ ತೊಡಕು ಬೇರೆ ಬಗೆಯದು. ಖರ್ಚೆಲ್ಲ ಕಳೆದು ಲಾಭವನ್ನು ಕಡಿಮೆ ತೋರಿಸಿ ತೆರಿಗೆ ಉಳಿಸಿದ್ದರೆ, ಸಂಗಾತಿಯನ್ನು ಕರೆಸುವಾಗಲೂ ಆ ಕಡಿಮೆ ಅಂಕಿಯೇ ಅವರ ಆದಾಯ.

ಮದುವೆಯಾದ ವರ್ಷದ ರಿಟರ್ನಿನಲ್ಲೇ ತಪ್ಪುಗಳು ಹೆಚ್ಚು. ಡಿಸೆಂಬರ್ 31ರಂದು ಇರುವ ಸ್ಥಿತಿಯೇ ಇಡೀ ವರ್ಷಕ್ಕೆ ಅನ್ವಯಿಸುತ್ತದೆ. ಧನುರ್ಮಾಸ ಹೊಕ್ಕುವ ಮೊದಲು, ಡಿಸೆಂಬರಿನ ಮೊದಲ ವಾರದಲ್ಲಿ, ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ತಾಳಿ ಕಟ್ಟಿ ಮರಳಿದವರು ಹೆಂಡತಿ ಇನ್ನೂ ಊರಲ್ಲಿದ್ದಾಳೆಂದು 'ಅವಿವಾಹಿತ' ಎಂಬಲ್ಲಿ ಗುರುತು ಹಾಕಿದರೆ, ಮದುವೆಯ ದಾಖಲೆ ಒಂದು ಹೇಳುತ್ತದೆ, ತೆರಿಗೆಯ ಕಾಗದ ಇನ್ನೊಂದು. ಅದನ್ನು ತಿದ್ದುಪಡಿ ರಿಟರ್ನಿನಿಂದ ಸರಿಪಡಿಸಬೇಕಾಗುತ್ತದೆ. ಸರಿಯಾದ ದಾರಿಗಳು ಮುಖ್ಯವಾಗಿ ಎರಡು. ವಿವಾಹಿತರಾಗಿ ಪ್ರತ್ಯೇಕ ರಿಟರ್ನ್ ಸಲ್ಲಿಸುವುದು ಒಂದು. 1976ರ ತೆರಿಗೆ ಕಾಯ್ದೆ ತಂದ ಆಯ್ಕೆಯಂತೆ, ಭಾರತದಲ್ಲಿರುವ ಸಂಗಾತಿಯನ್ನೂ ಅಮೆರಿಕದ ನಿವಾಸಿಯೆಂದು ಪರಿಗಣಿಸಲು ಒಪ್ಪಿ ಜಂಟಿಯಾಗಿ ಸಲ್ಲಿಸುವುದು ಇನ್ನೊಂದು. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇಲ್ಲದ ಸಂಗಾತಿಗೆ 1996ರಿಂದ ಐಟಿಐಎನ್ ಎಂಬ ತೆರಿಗೆ ಸಂಖ್ಯೆ ಸಿಗುತ್ತದೆ.

ಜಂಟಿ ರಿಟರ್ನಿನಲ್ಲಿ ತೆರಿಗೆ ಸಾಮಾನ್ಯವಾಗಿ ಕಡಿಮೆ. ಆದರೆ ಸಂಗಾತಿಯ ಭಾರತದ ಆದಾಯವೂ ಅದರೊಳಗೆ ಬರುತ್ತದೆ, ಬೇಸಾಯದ್ದೂ ಸೇರಿ. ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನ ಉದಾಹರಣೆ ತೆಗೆದುಕೊಂಡರೆ ಇದು ಸ್ಪಷ್ಟವಾಗುತ್ತದೆ. ನಿಫಾಡ್ ತಾಲ್ಲೂಕಿನ ಈ ಊರಿನ ಕೃಷಿ ಉತ್ಪನ್ನ ಮಾರುಕಟ್ಟೆ ಈರುಳ್ಳಿಗೆ ಹೆಸರಾದದ್ದು. ಅಲ್ಲಿ ತನ್ನ ಹೆಸರಿನ ಹೊಲದ ಈರುಳ್ಳಿ ಮಾರಿದ ಹೆಣ್ಣುಮಗಳಿಗೆ ಭಾರತದ ಆದಾಯ ತೆರಿಗೆ ಕಾನೂನಿನಂತೆ ಆ ಹಣಕ್ಕೆ ತೆರಿಗೆಯಿಲ್ಲ. ಗದಗ, ಚಿತ್ರದುರ್ಗದ ಈರುಳ್ಳಿ ಬೆಳೆಗಾರರಿಗೂ ಅದೇ ವಿನಾಯಿತಿ. ಅಮೆರಿಕದ ಕಾನೂನಿನಲ್ಲಿ ಅಂಥ ವಿನಾಯಿತಿ ಇಲ್ಲ. ಭಾರತದಲ್ಲಿ ತೆರಿಗೆ ಕಟ್ಟದಿರುವುದರಿಂದ ಅಲ್ಲಿ ಕಳೆಯಲೂ ಏನೂ ಇರುವುದಿಲ್ಲ. ಇನ್ನು ಆ ಹೊಲವನ್ನೇ ಆಸ್ತಿಯಾಗಿ ತೋರಿಸುವುದಾದರೆ, ವರ್ಷದೊಳಗೆ ಅದನ್ನು ನಗದು ಮಾಡಿಕೊಳ್ಳಲು ಬರಬೇಕು.

ಕೆನಡಾ ಇದೇ ಹೊಣೆಯನ್ನು ಹಗುರಗೊಳಿಸುತ್ತ ಬಂದಿದೆ. 2002ರಿಂದ ಸಂಗಾತಿಯ ಪೋಷಣೆಯ ಮುಚ್ಚಳಿಕೆ ಅಲ್ಲಿ ಮೂರು ವರ್ಷಕ್ಕೆ, ಕನಿಷ್ಠ ಆದಾಯದ ಷರತ್ತೂ ಸಾಮಾನ್ಯವಾಗಿ ಇಲ್ಲ. ಬ್ರಿಟನ್ನಿನ ದಾರಿ ವಿರುದ್ಧ ದಿಕ್ಕಿನದು: 2012ರಲ್ಲಿ ವರ್ಷಕ್ಕೆ 18,600 ಪೌಂಡ್ ಆದಾಯ ಕೇಳಿದ ದೇಶ 2024ರ ಏಪ್ರಿಲಿನಿಂದ 29,000 ಪೌಂಡ್ ಕೇಳುತ್ತಿದೆ. ಬಡವರಿಗೆ ಪ್ರೀತಿಸಿದವರೊಡನೆ ಬಾಳುವ ಹಕ್ಕನ್ನು ಸಂಬಳದ ಅಳತೆಯಿಂದ ನಿರಾಕರಿಸುವ ಕ್ರಮ ಇದು, ಸಮರ್ಥಿಸಿಕೊಳ್ಳಲು ಕಷ್ಟ. ಅಮೆರಿಕದಲ್ಲೂ 2020ರ ಫೆಬ್ರವರಿಯಿಂದ 2021ರ ಮಾರ್ಚ್ ವರೆಗೆ ಗ್ರೀನ್ ಕಾರ್ಡ್ ಅರ್ಜಿದಾರರು ಸಾಲದ ಚರಿತ್ರೆಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಬೇಕಾದ ನಿಯಮವಿತ್ತು, ಆಮೇಲೆ ಕೈಬಿಟ್ಟರು.

ಭಾರತದಿಂದ ಹೋಗುವವರ ಕಾಗದಗಳು ಮೊದಲು ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ನ್ಯಾಷನಲ್ ವೀಸಾ ಸೆಂಟರಿಗೆ ಸೇರುತ್ತವೆ. ವಲಸೆ ವೀಸಾದ ಸಂದರ್ಶನ ಬಹುಮಟ್ಟಿಗೆ ಮುಂಬೈಯಲ್ಲಿ, 2011ರಿಂದ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನಲ್ಲಿರುವ ಕಾನ್ಸುಲೇಟಿನಲ್ಲಿ ನಡೆಯುತ್ತದೆ.  ಕರ್ನಾಟಕದವರಿಗೆ ಅದು ದೂರದ ಪಯಣ. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದಾಗಲೂ ವೀಸಾ ಸೇವೆ ಅಲ್ಲಿ ಶುರುವಾಗಲಿಲ್ಲ.

ಮುಚ್ಚಳಿಕೆಯ ನಿಜವಾದ ತೂಕ ಗೊತ್ತಾಗುವುದು ಸಂಸಾರ ಮುರಿದಾಗ. ಸಹಿ ಹಾಕಿದವರ ಹೊಣೆ ಮುಗಿಯುವುದು ಬಂದವರು ಪೌರತ್ವ ಪಡೆದಾಗ, ದುಡಿಮೆಯ 40 ತ್ರೈಮಾಸಿಕಗಳು, ಅಂದರೆ ಸುಮಾರು ಹತ್ತು ವರ್ಷ, ಲೆಕ್ಕಕ್ಕೆ ಸೇರಿದಾಗ, ಗ್ರೀನ್ ಕಾರ್ಡ್ ಬಿಟ್ಟು ದೇಶ ತೊರೆದಾಗ, ಅಥವಾ ಇಬ್ಬರಲ್ಲಿ ಒಬ್ಬರು ತೀರಿಕೊಂಡಾಗ. ವಿಚ್ಛೇದನದಿಂದ ಅದು ಮುಗಿಯುವುದಿಲ್ಲ. ಕೈಬಿಟ್ಟ ಗಂಡನ ಮೇಲೆ ಹೆಂಡತಿ ಈ ಮುಚ್ಚಳಿಕೆಯ ಆಧಾರದಿಂದಲೇ ದಾವೆ ಹೂಡಬಹುದು. ಅವಳು ಕೆಲಸ ಹುಡುಕಲಿಲ್ಲವೆಂಬ ಕಾರಣಕ್ಕೆ ಅವನ ಹೊಣೆ ತಪ್ಪದೆಂದು ಷಿಕಾಗೋದ ಏಳನೆಯ ವಲಯದ ಮೇಲ್ಮನವಿ ನ್ಯಾಯಾಲಯ 2012ರಲ್ಲಿ ಹೇಳಿದೆ. ಹೋಗುವವರನ್ನು ಕಾಪಾಡುವ ಈ ಕಾಗದ ಹಲವು ಬಾರಿ ಅವರ ಕೈಯಲ್ಲೇ ಇರುವುದಿಲ್ಲ. ಆದ್ದರಿಂದ ಮುಂಬೈಯ ಸಂದರ್ಶನಕ್ಕೆ ಹೊರಡುವ ಹೆಣ್ಣುಮಗಳು, ಅವಳ ತಂದೆತಾಯಿ, ಸಹಿಯಾದ ಐ-864 ಮತ್ತು ಅದರ ಜೊತೆಗಿರುವ ತೆರಿಗೆ ವಿವರದ ಪೂರ್ಣ ನಕಲೊಂದನ್ನು ಕೇಳಿ ಪಡೆದು, ತವರಿನಲ್ಲಿ ಭದ್ರವಾಗಿ ಇಟ್ಟುಕೊಳ್ಳಬೇಕು.