ಬೀಜ ಮತ್ತು ಭಕ್ತ: ಆಪತ್ಕಾಲದ ಅನ್ನದ ಚರಿತ್ರೆ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸಂಗಮಿಸಿ, ತುಂಗಭದ್ರೆಯೆಂಬ ಒಂದೇ ಹೆಸರಿನಲ್ಲಿ ಉತ್ತರಾಭಿಮುಖವಾಗಿ ಹರಿಯುವ ಹಾದಿಯಲ್ಲಿ ಹೊನ್ನಾಳಿಯಿದೆ. ಊರಿನ ಮೇಲೆ ಹನಿ ಬೀಳದಿದ್ದರೂ ಮಲೆನಾಡಿನಲ್ಲಿ ಮಳೆ ಹಿಡಿದು ಗಾಜನೂರಿನ ತುಂಗಾ ಜಲಾಶಯ ತುಂಬಿದರೆ, ನದಿಯ ದಡದ ಬಾಲರಾಜ ಘಾಟ್ ಪ್ರದೇಶದ ಮನೆಗಳಿಗೆ ಆತಂಕ ತಪ್ಪಿದ್ದಲ್ಲ. 2019ರ ಆಗಸ್ಟ್ ತಿಂಗಳ ನೆರೆಯಲ್ಲಿ ಆದುದೂ ಇದೇ. ಇದೇ ಜಿಲ್ಲೆಯ ಇನ್ನೊಂದು ಅಂಚಿನ ಜಗಳೂರಿನದು ತದ್ವಿರುದ್ಧವಾದ ಕಥೆ. ಅದು ಮಳೆಯನ್ನೇ ನಂಬಿದ, ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ನಾಡು. ಶಿವಮೊಗ್ಗಕ್ಕೆ ಸೇರಿದ್ದ ಹೊನ್ನಾಳಿ, ಚಿತ್ರದುರ್ಗಕ್ಕೆ ಸೇರಿದ್ದ ಜಗಳೂರು, ಇವೆರಡೂ 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಒಂದೇ ಆಡಳಿತದ ಅಡಿಗೆ ಬಂದವು. ವಿಪತ್ತು ನೀರಿನದಾಗಿರಲಿ, ನೀರಿಲ್ಲದ್ದಾಗಿರಲಿ, ಸಂಜೆಯಾಗುತ್ತಲೇ ಮನೆಯೊಳಗೆ ಏಳುವ ಪ್ರಶ್ನೆ ಮಾತ್ರ ಒಂದೇ: ಒಲೆಯ ಮೇಲೆ ಏನನ್ನು ಇಡುವುದು? ಈ ಪ್ರಶ್ನೆಗೆ ಪ್ರಭುತ್ವವು ಕಾಲಕಾಲಕ್ಕೆ ನೀಡಿದ ಉತ್ತರಗಳಿಗೆ ದೀರ್ಘವಾದ ಚರಿತ್ರೆಯಿದೆ.

ಕನ್ನಡ ನಾಡಿನ ಸಾಂಸ್ಕೃತಿಕ ಸ್ಮೃತಿಯಲ್ಲಿ ಕ್ಷಾಮವು ಬಹು ಹಿಂದೆಯೇ ದಾಖಲಾಗಿದೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಸುಮಾರು ಕ್ರಿ.ಶ. 600ರದೆಂದು ಪರಿಗಣಿತವಾದ ಶಾಸನವು ಉಜ್ಜಯಿನಿಯಲ್ಲಿ ಭದ್ರಬಾಹುಸ್ವಾಮಿಯು ಹನ್ನೆರಡು ವರ್ಷಗಳ ವಿಷಮಕಾಲವನ್ನು ಮುನ್ನರಿದುದನ್ನೂ ಸಂಘವು ದಕ್ಷಿಣಾಪಥಕ್ಕೆ ಹೊರಟುದನ್ನೂ ಹೇಳುತ್ತದೆ. ವಡ್ಡಾರಾಧನೆಯ ಭದ್ರಬಾಹು ಭಟಾರರ ಕಥೆಯೂ ಇದೇ ಪರಂಪರೆಯದು. ಶಾಸನೋಕ್ತ ಭದ್ರಬಾಹು ಯಾರು, ಆತನ ಕಾಲ ಯಾವುದು ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಕ್ಷಾಮಕ್ಕೆ ಆ ಪರಂಪರೆ ಕಂಡುಕೊಂಡ ಉತ್ತರ ಸ್ಪಷ್ಟವಾಗಿದೆ: ಅನ್ನವಿದ್ದೆಡೆಗೆ ಹೊರಟುಹೋಗುವುದು. ನಾಡಿನ ಒಕ್ಕಲಿಗೂ ಶತಮಾನಗಳ ಕಾಲ ಇದ್ದ ಉಪಾಯ ಬಹುಮಟ್ಟಿಗೆ ಇದೊಂದೇ. ಗುಳೆ ಎಂಬ ಪದವು ಇಂದಿಗೂ ಬಳಕೆಯಿಂದ ಮರೆಯಾಗಿಲ್ಲ.

ಇನ್ನೊಂದು ಉತ್ತರ ದಾನ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಆಹಾರಕ್ಕೂ ಸ್ಥಾನ ಸಂದಿದೆ. ಬಸದಿ, ದೇಗುಲ, ಮಠಗಳಿಗೆ ಸಂಬಂಧಿಸಿದ ಅಸಂಖ್ಯ ದತ್ತಿ ಶಾಸನಗಳು ಆಹಾರದಾನವನ್ನು ನಿತ್ಯದ ಧರ್ಮವನ್ನಾಗಿ ನೆಲೆಗೊಳಿಸಿದವು. ಆದರೆ ದಾನದ ವ್ಯಾಕರಣದಲ್ಲಿ ಕರ್ತೃಪದ ದಾನಿಯದು, ಪುಣ್ಯವೂ ಅವನದೇ. ಇಂತಿಷ್ಟು ಅನ್ನ ತನಗೆ ಬರಬೇಕೆಂದು ಕೇಳುವ ಅಧಿಕಾರ ಪಡೆಯುವವನಿಗಿಲ್ಲ.

ಆಪತ್ಕಾಲದ ಅನ್ನವನ್ನು ರಾಜನ ಕರ್ತವ್ಯವೆಂದು ವಿಧಿಸಿದ ಗ್ರಂಥ ಕೌಟಿಲ್ಯನ ಅರ್ಥಶಾಸ್ತ್ರ. ಅದರ ನಾಲ್ಕನೆಯ ಅಧಿಕರಣವು ದೈವಕೃತವಾದ ಎಂಟು ಮಹಾಭಯಗಳನ್ನು ಎಣಿಸುತ್ತದೆ. ಅಗ್ನಿ, ಉದಕ, ವ್ಯಾಧಿ, ದುರ್ಭಿಕ್ಷಗಳು ಅಲ್ಲಿ ಒಂದೇ ಸಾಲಿನಲ್ಲಿ ಬರುತ್ತವೆ. ನೆರೆಯೂ ಬರವೂ ರಾಜಕರ್ತವ್ಯದ ದೃಷ್ಟಿಯಿಂದ ಒಂದೇ ಬಗೆಯವು. ದುರ್ಭಿಕ್ಷದಲ್ಲಿ ರಾಜನು ಪ್ರಜೆಗಳಿಗೆ ಬೀಜವನ್ನೂ ಭಕ್ತವನ್ನೂ ಒದಗಿಸಬೇಕು. ಅನ್ನವನ್ನಿತ್ತು ಕೋಟೆ, ಸೇತುಗಳ ಕೆಲಸ ಮಾಡಿಸಬಹುದು. ಇದ್ದ ಅನ್ನವನ್ನು ಹಂಚಬಹುದು. ಜನರನ್ನು ಬೇರೆಡೆಗೆ ಕಳಿಸಬಹುದು. ಇಲ್ಲಿ ಭಕ್ತವೆಂದರೆ ಅನ್ನ. ಪ್ರಾಕೃತದಲ್ಲಿ ಅದು ಭತ್ತ. ಜೈನ ಪರಿಭಾಷೆಯ ಭಕ್ತಪ್ರತ್ಯಾಖ್ಯಾನದಲ್ಲಿರುವುದೂ ಈ ಶಬ್ದವೇ. ವ್ರತಸ್ಥನು ಅರಿತು ತ್ಯಜಿಸುವ ಅನ್ನ ಒಂದು, ಕ್ಷಾಮವು ಬಡವನ ಎದುರಿನಿಂದ ಕಸಿದುಕೊಳ್ಳುವ ಅನ್ನ ಇನ್ನೊಂದು. ಮೊದಲನೆಯದು ಆರಾಧನೆ, ಎರಡನೆಯದು ಪ್ರಭುತ್ವದ ವೈಫಲ್ಯ. ಕೌಟಿಲ್ಯನು ಬೀಜ, ಭಕ್ತಗಳನ್ನು ಒಂದೇ ಸಮಾಸದಲ್ಲಿ ಜೋಡಿಸಿರುವುದು ಗಮನಾರ್ಹ. ಬೀಜ ಬರುವ ವರ್ಷದ ಬೆಳೆಗೆ, ಭಕ್ತ ಈ ಹೊತ್ತಿನ ಹಸಿವಿಗೆ. ಒಂದನ್ನು ಕೊಟ್ಟು ಇನ್ನೊಂದನ್ನು ಮರೆತರೆ ಎರಡೂ ವ್ಯರ್ಥ. ಏಕೆಂದರೆ ಹಸಿದ ಮನೆಯಲ್ಲಿ ಬಿತ್ತನೆಯ ಕಾಳೇ ಮಡಕೆಗೆ ಬೀಳುತ್ತದೆ.

ಆಧುನಿಕ ಮೈಸೂರು ಸೀಮೆಯಲ್ಲಿ ಈ ವಿವೇಕ ಕಠೋರವಾಗಿ ಪರೀಕ್ಷೆಗೊಳಗಾದುದು 1876-78ರಲ್ಲಿ. ಧಾತು, ಈಶ್ವರ ಸಂವತ್ಸರಗಳಲ್ಲಿ ಬಿದ್ದ ಈ ಬರವನ್ನು ಜನ ಸಂವತ್ಸರದ ಹೆಸರಿನಿಂದಲೇ ಗುರುತಿಸಿದರು. ಆಗ ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ರೈಲು ಬೆಂಗಳೂರಿನವರೆಗೆ ಮಾತ್ರ ಬರುತ್ತಿತ್ತು. ಅಲ್ಲಿಂದಾಚೆ ಧಾನ್ಯ ಸಾಗಬೇಕಾದುದು ಎತ್ತಿನ ಗಾಡಿಗಳಲ್ಲಿ. ಮೇವಿಲ್ಲದೆ ಎತ್ತುಗಳೇ ಸಾಯತೊಡಗಿದಾಗ ಬೆಂಗಳೂರಿಗೆ ಬಂದ ಧಾನ್ಯ ಒಳನಾಡನ್ನು ತಲುಪುವುದೇ ದುಸ್ತರವಾಯಿತು. ಕೋಲಾರ, ತುಮಕೂರು, ಚಿತ್ರದುರ್ಗ ಮೊದಲಾದ ಬಯಲು ಸೀಮೆಗಳು ತತ್ತರಿಸಿದವು. ಮಲೆನಾಡಿನ ಕಡೆಯಲ್ಲಿ ಬಾಧೆ ಅಷ್ಟು ತೀವ್ರವಾಗಿರಲಿಲ್ಲ.

ಸರ್ಕಾರದ ಅನ್ನ ಆಗ ಎರಡು ರೂಪಗಳಲ್ಲಿ ದೊರೆಯುತ್ತಿತ್ತು: ಪರಿಹಾರ ಕಾಮಗಾರಿಯ ಕೂಲಿ ಮತ್ತು ಗಂಜಿಯ ಕೇಂದ್ರಗಳ ಬೇಯಿಸಿದ ಆಹಾರ. ಎರಡಕ್ಕೂ ಮನೆಯನ್ನು ಬಿಟ್ಟು ಬರಲೇಬೇಕಿತ್ತು. ನಿತ್ರಾಣರಾದವರು ದಾರಿಯಲ್ಲಿಯೇ ಕುಸಿಯುತ್ತಿದ್ದರು. ಕಿಕ್ಕಿರಿದ ಜಾಗಗಳಲ್ಲಿ ಕಾಲರಾ ಹಬ್ಬುತ್ತಿತ್ತು. ಎಲ್ಲರ ನಡುವೆ ಕುಳಿತು ಉಣ್ಣಲು ಜಾತಿ, ಮರ್ಯಾದೆಗಳ ಅಂಜಿಕೆ ಅನೇಕರನ್ನು ತಡೆಯುತ್ತಿತ್ತು. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ಸರ್ ರಿಚರ್ಡ್ ಟೆಂಪಲ್ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ, ಅಂದರೆ ಸುಮಾರು 450 ಗ್ರಾಂ, ಮತ್ತು ಅದರ ಮೇಲೆ ಅಲ್ಪ ಕಾಸಿಗೆ ಇಳಿಸಿದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಅಲ್ಲಿನ ನೈರ್ಮಲ್ಯ ಕಮಿಷನರ್ ಡಾ. ಕಾರ್ನಿಷ್ ಪ್ರತಿಭಟಿಸಿದನು. ಬದುಕಲು ಎಷ್ಟು ಅನ್ನ ಬೇಕೆಂಬುದು ಸರ್ಕಾರದ ಕಡತಗಳಲ್ಲಿ ವಾದದ ವಿಷಯವಾಯಿತು. 1877ರಲ್ಲಿ ವೈಸರಾಯ್ ಲಿಟನ್ ಮೈಸೂರಿಗೆ ಬಂದನು. ಚಾರ್ಲ್ಸ್ ಎಲಿಯಟ್ ಕ್ಷಾಮ ಕಮಿಷನರ್ ಆಗಿ ನೇಮಕಗೊಂಡನು.

ಆದ ನಷ್ಟವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50,55,412 ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಕುಸಿದಿತ್ತು. ಹತ್ತು ವರ್ಷಗಳಲ್ಲಿ 8,69,224 ಜನರ ಇಳಿಕೆ. ಆರರಲ್ಲಿ ಒಬ್ಬರಿಗಿಂತ ಹೆಚ್ಚು. ಬೊಕ್ಕಸದಲ್ಲಿದ್ದ 63 ಲಕ್ಷ ರೂಪಾಯಿಗಳ ಉಳಿತಾಯ ಕರಗಿ, 80 ಲಕ್ಷದ ಸಾಲ ಉಳಿಯಿತು. 1881ರಲ್ಲಿ ಅಧಿಕಾರ ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ದಿವಾನ್ ರಂಗಾಚಾರ್ಲು ಅವರು ವಹಿಸಿಕೊಂಡುದು ಈ ಸಾಲದ ಸಂಸ್ಥಾನವನ್ನು.

ಈ ಅನುಭವದಿಂದ ಹುಟ್ಟಿದುದು ರಿಚರ್ಡ್ ಸ್ಟ್ರೇಚಿ ಅಧ್ಯಕ್ಷತೆಯ ಕ್ಷಾಮ ಆಯೋಗದ 1880ರ ವರದಿ. ಎಲಿಯಟ್ ಅದರ ಕಾರ್ಯದರ್ಶಿಯಾಗಿದ್ದನು. ಶಕ್ತರಿಗೆ ಕಾಮಗಾರಿ, ಅಶಕ್ತರಿಗೆ ಅವರವರ ಹಳ್ಳಿಯಲ್ಲಿಯೇ ಉಚಿತ ನೆರವು ಎಂಬ ವಿಂಗಡಣೆ ಅಲ್ಲಿ ನೆಲೆಗೊಂಡು, ಮುಂದೆ ಕ್ಷಾಮ ಸಂಹಿತೆಗಳಿಗೆ ಆಧಾರವಾಯಿತು. ಜನ ಊರು ಬಿಡುವ ಮುನ್ನವೇ ಅನ್ನ ಊರನ್ನು ತಲುಪಬೇಕೆಂಬ ತತ್ತ್ವಕ್ಕೆ ತೆತ್ತ ಬೆಲೆ ಲಕ್ಷಾಂತರ ಜೀವಗಳು. ಆದರೂ ಸಂಹಿತೆ ಅಧಿಕಾರಿಗಳಿಗೆ ಸೂಚನೆಯಾಗಿತ್ತೇ ಹೊರತು ಹಸಿದವನ ಹಕ್ಕಾಗಿರಲಿಲ್ಲ.

ಹಕ್ಕಿನ ಭಾಷೆ ಬಂದುದು ಸ್ವಾತಂತ್ರ್ಯಾನಂತರ, ಅದೂ ತಡವಾಗಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪರಿಹಾರ ಶಿಬಿರಗಳಲ್ಲಿ ವಸತಿ, ಆಹಾರ, ಕುಡಿಯುವ ನೀರುಗಳಿಗೆ ಕನಿಷ್ಠ ಮಾನದಂಡಗಳನ್ನು ನಿಗದಿಪಡಿಸಬೇಕೆಂದು ವಿಧಿಸಿತು. 2015ರ ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿ, ಜೀವನೋಪಾಯಕ್ಕೆ ತೀವ್ರ ಧಕ್ಕೆಯಾಗಿಯೂ ಶಿಬಿರದಲ್ಲಿ ಇಲ್ಲದ ಕುಟುಂಬಗಳ ವಯಸ್ಕರಿಗೆ ದಿನಕ್ಕೆ 60 ರೂ., ಮಕ್ಕಳಿಗೆ 45 ರೂ. ಎಂಬ ದರವಿತ್ತು. 2016ರಲ್ಲಿ ಸ್ವರಾಜ್ ಅಭಿಯಾನದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಬರಪೀಡಿತ ಪ್ರದೇಶಗಳಲ್ಲಿ ಪಡಿತರ ಚೀಟಿ ಇಲ್ಲವೆಂಬ ಕಾರಣಕ್ಕೆ ಯಾವ ಕುಟುಂಬಕ್ಕೂ ಧಾನ್ಯವನ್ನು ನಿರಾಕರಿಸಬಾರದೆಂದು ನಿರ್ದೇಶಿಸಿತು. ಬೇಸಗೆಯ ರಜೆಯಲ್ಲಿಯೂ ಶಾಲಾಮಕ್ಕಳಿಗೆ ಬಿಸಿಯೂಟ ನೀಡಬೇಕೆಂದಿತು. ಪ್ರತಿವಾದಿ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು.

ಹಾಗಿದ್ದೂ ಬೀಜ, ಭಕ್ತಗಳ ಸಮಾಸ ಮತ್ತೊಮ್ಮೆ ಬಿಡಿಸಿಹೋದುದನ್ನು 2023-24ರ ಬರ ತೋರಿಸಿತು. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ದಾವಣಗೆರೆ ಜಿಲ್ಲೆಯೂ ಆ ಪಟ್ಟಿಯಲ್ಲಿತ್ತು. ರಾಜ್ಯ ಸರ್ಕಾರ ಕೇಂದ್ರದಿಂದ ಕೇಳಿದ ಮೊತ್ತ 18,171.44 ಕೋಟಿ ರೂ. ಇದರಲ್ಲಿ ಬೆಳೆಹಾನಿಯ ಪರಿಹಾರಕ್ಕೆಂದು 4,663.12 ಕೋಟಿ, ಜೀವನೋಪಾಯ ಕಳೆದುಕೊಂಡ ಕುಟುಂಬಗಳ ತುರ್ತು ನೆರವಿಗೆಂದು 12,577.86 ಕೋಟಿ. ಬೇಡಿಕೆಯ ಮೂರನೆಯ ಎರಡು ಭಾಗಕ್ಕೂ ಮಿಕ್ಕಿ ಒಲೆಯದೇ ಆಗಿತ್ತು. ನೆರವು ಬಾರದಾಗ 2024ರ ಮಾರ್ಚಿನಲ್ಲಿ ರಾಜ್ಯವು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾದುದು ಸುಮಾರು 3,454 ಕೋಟಿ. ಬೆಳೆಹಾನಿಗೆ ಕೇಳಿದ ಮೊತ್ತಕ್ಕಿಂತಲೂ ಕಡಿಮೆ. ಕುಟುಂಬಗಳ ನೆರವಿನ ಪ್ರಶ್ನೆ ವ್ಯಾಜ್ಯವಾಗಿಯೇ ಉಳಿಯಿತು.

ಇದಕ್ಕೆ ಕಾರಣವನ್ನು ವಿಪತ್ತುಗಳ ಸ್ವಭಾವದಲ್ಲಿಯೂ ಅರಸಬೇಕು. ನೆರೆ ಕಣ್ಣಿಗೆ ಕಾಣುತ್ತದೆ. ಹೊನ್ನಾಳಿಯಲ್ಲಿ ನದಿ ಉಕ್ಕಿದರೆ ನೀರು ನಿಂತ ಮನೆಗಳನ್ನು ಎಣಿಸಬಹುದು, ಕೇಂದ್ರವನ್ನು ತೆರೆದು ಊಟ ಹಾಕಬಹುದು. 2019ರಲ್ಲಿ ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಗಳಿಗೆ ನೀಡುತ್ತಿದ್ದ 3,800 ರೂ.ಗಳ ತಕ್ಷಣದ ನೆರವನ್ನು 10,000 ರೂ.ಗಳಿಗೆ ಏರಿಸಲು ಈ ಗೋಚರತೆಯೂ ನೆರವಾಗಿರಬೇಕು. ಆಡಳಿತದ ಕಾಗದಗಳಲ್ಲಿ ಗಂಜಿ ಕೇಂದ್ರವು ಈಗ ಕಾಳಜಿ ಕೇಂದ್ರವಾಗಿದೆ. ಪಡೆಯುವವರ ಮಾನವನ್ನು ಕಾಯುವ ಈ ಹೆಸರಿನ ಬದಲಾವಣೆ ಸಣ್ಣದಲ್ಲ. ಬರವಾದರೋ ಮನೆಯ ಗೋಡೆಯ ಮೇಲೆ ಗುರುತು ಬಿಡುವುದಿಲ್ಲ. ಒಣಗಿದ ಬೆಳೆಯನ್ನು ಹೆಕ್ಟೇರಿನಲ್ಲಿ ಅಳೆಯಬಹುದು. ಹೊಲವೇ ಇಲ್ಲದ ಕೂಲಿಯವನ ಮನೆಯ ಹಸಿವಿಗೆ ಆ ಅಳತೆಗೋಲಿಲ್ಲ. ಜಗಳೂರಿನ ಒಂದು ಮನೆ ರಾತ್ರಿ ಬೀಗ ಹಾಕಿ ಗುಳೆ ಹೊರಟರೆ ಯಾವ ವರದಿಯೂ ಅದನ್ನು ಗಮನಿಸದಿರಬಹುದು.

ಭದ್ರಬಾಹುವಿನ ಸಂಘ ಹೊರಟುದು ದಾಖಲಾಯಿತು. ಧಾತು ಈಶ್ವರದ ಬರದಲ್ಲಿ ಹೊರಟವರು ಜನಗಣತಿಯ ಅಂಕಿಗಳಾದರು. ಜನ ಹೊರಡುವ ಮುನ್ನವೇ ಅನ್ನ ಮನೆಯನ್ನು ತಲುಪಬೇಕೆಂಬುದು 1880ರಷ್ಟು ಹಿಂದೆಯೇ ಕಲಿತ ಪಾಠ. ಬೀಜದೊಡನೆ ಭಕ್ತವೂ ಸಲ್ಲಬೇಕೆಂಬುದು ಅದಕ್ಕಿಂತ ಎಷ್ಟೋ ಶತಮಾನಗಳ ಹಿಂದಿನದು.