ಮುಖಪುಟದ ಚಿತ್ರ, ಒಳಗಿನ ಸ್ವರ

ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಲೆಸ್ಟರ್ ಲೆವಿ ಕೂಡಿಟ್ಟ 29 ಸಾವಿರಕ್ಕೂ ಹೆಚ್ಚು ಅಚ್ಚಾದ ಹಾಡುಗಳ ಸ್ವರಲಿಪಿ ಹಾಳೆಗಳಿವೆ. ಅಂಥ ಹಾಳೆಗಳ ಮುಖಪುಟ ನೋಡಿದಾಗ ನನಗೆ ಮೈ ಉರಿಯಿತು. 1830ರ ದಶಕದಲ್ಲಿ ಟಿ. ಡಿ. ರೈಸ್ ಅನ್ನೋ ಬಿಳಿಯ ಮುಖಕ್ಕೆ ಮಸಿ ಬಳಿದುಕೊಂಡು ಕುಣಿದ ‘ಜಿಮ್ ಕ್ರೋ’ ಹಾಡಿನ ಮೇಲೆ ಹರಕು ಬಟ್ಟೆಯ, ಸೊಟ್ಟ ಮೈಯ ಕಪ್ಪು ಮನುಷ್ಯ. ಆ ಗೇಲಿಯ ಹೆಸರೇ ಮುಂದೆ ಕಪ್ಪು ಜನರನ್ನು ದೂರವಿಟ್ಟ ಕಾನೂನುಗಳ ಹೆಸರಾಯಿತು.

ಸ್ಕಾಟ್ ಜಾಪ್ಲಿನ್ ಗುಲಾಮನಾಗಿದ್ದವನ ಮಗ. 1899ರಲ್ಲಿ ಆತನ ‘ಮೇಪಲ್ ಲೀಫ್ ರ‍್ಯಾಗ್’ ಅಚ್ಚಾಯಿತು. ಸ್ವರ ಆತನದು, ಮುಖಪುಟದಲ್ಲಿ ಮಾತ್ರ ಆತನ ಜನರದೇ ಅಣಕದ ಚಿತ್ರ! ಪ್ರತಿಗೆ ಆತನಿಗೆ ಸಿಕ್ಕಿದ್ದು ಒಂದು ಸೆಂಟ್. 1911ರಲ್ಲಿ, ಓದು ಕಲಿತ ಕಪ್ಪು ಹುಡುಗಿ ತನ್ನವರಿಗೆ ನಾಯಕಿಯಾಗುವ ‘ಟ್ರೀಮೊನಿಷಾ’ ಗೀತನಾಟಕವನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದ. 1917ರಲ್ಲಿ ಸತ್ತ. ನಾಟಕ ಪೂರ್ತಿಯಾಗಿ ರಂಗಕ್ಕೆ ಬಂದದ್ದು 1972ರಲ್ಲಿ. ಅದೇ ವರ್ಷ ಮುಂಬಯಿಯಲ್ಲಿ, ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ ಹೋರಾಟದಿಂದ ಹೆಸರು ಪಡೆದು, ದಲಿತ ಪ್ಯಾಂಥರ್ ಹುಟ್ಟಿತು.

ಈ ಹಾಳೆಗಳನ್ನು ಸುಡಬೇಕು ಅಂತ ನಾನು ಹೇಳಲಾರೆ. ಅವು ಸಾಕ್ಷಿ. ಆದರೆ ಹಾಡು ಕಟ್ಟಿದವರ‍್ಯಾರು, ಚಿತ್ರ ಬರೆಸಿದವರ‍್ಯಾರು, ದುಡ್ಡು ಯಾರ ಪಾಲಾಯಿತು ಅಂತ ಕೇಳದೆ ಬರೀ ‘ಅಂದವಾದ ಹಳೇ ಮುದ್ರಣ’ ಅಂದುಬಿಟ್ಟರೆ ಅದು ವಿಮರ್ಶೆಯಲ್ಲ, ಕಾವಲು.

ನಮ್ಮ ತಮಟೆಯ ಏಟು ಕೈಯಿಂದ ಕೈಗೆ ಬಂದದ್ದು. ನಾಳೆ ಅದನ್ನು ಹಾಳೆಗಿಳಿಸುವವರು ಬಂದಾಗ, ಗೆಳೆಯರೇ, ಮೊದಲು ಕೇಳಬೇಕಾದ್ದು ಇಷ್ಟೇ: ಮುಖಪುಟ ಬರೆಯೋರು ಯಾರು?