ಪರನಾಡಿನಲ್ಲಿ ವ್ರತಕಾಲ: ಸ್ವೀಡನ್ನಿನ ಆಂಗ್ಲಿಕನ್ ಸಭೆಗಳ ಲೆಂಟ್ ಮತ್ತು ಈಸ್ಟರ್



ಸ್ವೀಡನ್ನಿನಲ್ಲಿ ನೆಲೆಸಿರುವ ನಾವು ಪ್ರತಿ ವರ್ಷ ಚಳಿಗಾಲದ ಕೊನೆಯಲ್ಲಿ ಒಂದು ಹಬ್ಬದ ಸಾಲನ್ನು ಹೊರಗಿನಿಂದ ನೋಡುತ್ತೇವೆ. ಬೇಕರಿಗಳಲ್ಲಿ ಕೆನೆ ತುಂಬಿದ ಸೆಮ್ಲಾ ಬರುತ್ತದೆ. ಬರ್ಚ್ ಮರದ ಕಡ್ಡಿಗಳಿಗೆ ಬಣ್ಣದ ಗರಿಗಳನ್ನು ಕಟ್ಟಿ ಮಾರುತ್ತಾರೆ. ಮಕ್ಕಳು ಮಾಟಗಾತಿಯರ ವೇಷ ಧರಿಸಿ ಸಿಹಿ ಬೇಡಲು ಮನೆಬಾಗಿಲಿಗೆ ಬರುತ್ತಾರೆ. ಇವೆಲ್ಲ ಲೆಂಟ್ ಎಂಬ ವ್ರತಕಾಲದ ಮತ್ತು ಅದರ ತುದಿಯಲ್ಲಿರುವ ಈಸ್ಟರ್ ಹಬ್ಬದ ಲೌಕಿಕ ಅವಶೇಷಗಳು. ಈ ದೇಶದ ದೊಡ್ಡ ಲೂಥರನ್ ಚರ್ಚಿನ ಪಕ್ಕದಲ್ಲಿ ಇದೇ ವ್ರತವನ್ನು ಇಂಗ್ಲಿಷ್ ಭಾಷೆಯಲ್ಲಿ, ಬೇರೊಂದು ಗ್ರಂಥದ ಕ್ರಮದಂತೆ ಆಚರಿಸಿಕೊಂಡು ಬಂದ ಸಣ್ಣ ಸಭೆಗಳೂ ಉಂಟು. ಅವು ಆಂಗ್ಲಿಕನ್ ಸಭೆಗಳು. ಅವುಗಳ ಚರಿತ್ರೆ ಮತೀಯ ಕುತೂಹಲಕ್ಕಷ್ಟೇ ಸೀಮಿತವಾದದ್ದಲ್ಲ. ವಲಸೆ ಬಂದ ಜನ ತಮ್ಮ ತಿಥಿ, ತಮ್ಮ ಮಾತು, ತಮ್ಮ ನೇಮಗಳನ್ನು ಪರನೆಲದಲ್ಲಿ ಹೇಗೆ ಉಳಿಸಿಕೊಂಡರು ಎಂಬ ಪ್ರಶ್ನೆ ಅದರಲ್ಲಿದೆ. ಆ ಪ್ರಶ್ನೆ ನಮ್ಮದೂ ಹೌದು.

ಮೊದಲು ಹಿನ್ನೆಲೆಯನ್ನು ಗಮನಿಸೋಣ. ಸ್ವೀಡನ್ ಮತ್ತು ಇಂಗ್ಲೆಂಡ್ ಎರಡೂ 16ನೆಯ ಶತಮಾನದಲ್ಲಿ ರೋಮಿನ ಪೋಪರ ಅಧಿಕಾರದಿಂದ ಹೊರಬಂದವು. ಸ್ವೀಡನ್ನಿನಲ್ಲಿ ದೊರೆ ಗುಸ್ತಾವ್ ವಾಸಾ 1527ರ ವೆಸ್ಟೆರೋಸ್ ಸಭೆಯಲ್ಲಿ ಚರ್ಚಿನ ಆಸ್ತಿಯ ಮೇಲೆ ಹಿಡಿತ ಸಾಧಿಸಿದನು. ಇಂಗ್ಲೆಂಡಿನಲ್ಲಿ ಎಂಟನೆಯ ಹೆನ್ರಿ 1534ರಲ್ಲಿ ಚರ್ಚಿಗೆ ತಾನೇ ಮುಖ್ಯಸ್ಥನೆಂದು ಸಾರಿದನು. ಎರಡೂ ಕಡೆ ಬಿಷಪ್ಪರ ಪರಂಪರೆ ಉಳಿಯಿತು, ಆರಾಧನೆ ಜನರ ಭಾಷೆಗೆ ಇಳಿಯಿತು. ಸ್ವೀಡನ್ ಲೂಥರನ ಬೋಧನೆಯನ್ನು ಸ್ವೀಕರಿಸಿದರೆ, ಇಂಗ್ಲೆಂಡ್ ತನ್ನದೇ ಆದ ಒಂದು ಮಧ್ಯಮಾರ್ಗವನ್ನು ಹಿಡಿಯಿತು. ಆ ಮಾರ್ಗದ ಆಧಾರ ಒಂದು ಪುಸ್ತಕ. ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರನ ನೇತೃತ್ವದಲ್ಲಿ 1549ರಲ್ಲಿ ಮೊದಲು ಹೊರಬಂದು, ಹಲವು ಪರಿಷ್ಕರಣೆಗಳ ಬಳಿಕ 1662ರಲ್ಲಿ ಸ್ಥಿರರೂಪ ಪಡೆದ ‘ಸಾಮಾನ್ಯ ಪ್ರಾರ್ಥನಾ ಗ್ರಂಥ’ವೇ ಅದು. ಸಾಂಪ್ರದಾಯಿಕ ಆಂಗ್ಲಿಕನ್ ಸಭೆ ಎಂದರೆ, ಸ್ಥೂಲವಾಗಿ, ಈ 1662ರ ಗ್ರಂಥದ ಮಾತುಗಳಲ್ಲೇ ಪ್ರಾರ್ಥಿಸುವ ಸಭೆ.

ಈ ಗ್ರಂಥ ಸ್ವೀಡನ್ನಿಗೆ ಬಂದದ್ದು ವರ್ತಕರ ಪೆಟ್ಟಿಗೆಗಳಲ್ಲಿ. 1621ರಲ್ಲಿ ಸನ್ನದು ಪಡೆದ ಗೋಥೆನ್‌ಬರ್ಗ್ ಬಂದರಿನಲ್ಲಿ ಡಚ್ಚರು, ಜರ್ಮನರು, ಸ್ಕಾಟರು, ಇಂಗ್ಲಿಷರು ನೆಲೆಸಿದರು. 1731ರಲ್ಲಿ ಅಲ್ಲಿ ಸ್ವೀಡಿಷ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದಾಗ ಅದರ ಮುಖ್ಯ ಚಾಲಕರಲ್ಲಿ ಸ್ಕಾಟ್ಲೆಂಡಿನ ಕಾಲಿನ್ ಕ್ಯಾಂಪ್‌ಬೆಲ್ ಒಬ್ಬನಾಗಿದ್ದನು. ಆದರೆ ದೇಶದ ಕಾನೂನು ಕಠಿಣವಾಗಿತ್ತು. 1726ರ ರಾಜಾಜ್ಞೆ ಲೂಥರನ್ ಚರ್ಚಿನ ಹೊರಗೆ ಮನೆಗಳಲ್ಲಿ ಪ್ರಾರ್ಥನಾಕೂಟ ನಡೆಸುವುದನ್ನೇ ನಿಷೇಧಿಸಿತ್ತು. ವ್ಯಾಪಾರಕ್ಕೆ ವಿದೇಶಿಯರು ಬೇಕು, ಅವರ ಪೂಜೆ ಮಾತ್ರ ಬೇಡ ಎಂಬ ಈ ಇಕ್ಕಟ್ಟನ್ನು ಸರ್ಕಾರ 1741ರಲ್ಲಿ ಸಡಿಲಿಸಿತು. ನೌಕಾನೆಲೆಯಾದ ಕಾರ್ಲ್ಸ್‌ಕ್ರೋನಾ ಒಂದನ್ನುಳಿದು, ಬಂದರು ಪಟ್ಟಣಗಳಲ್ಲಿ ಆಂಗ್ಲಿಕನ್ನರಿಗೂ ಕ್ಯಾಲ್ವಿನ್ ಪಂಥದವರಿಗೂ ತಮ್ಮ ಆರಾಧನೆಯನ್ನು ನಡೆಸಲು ಅನುಮತಿ ದೊರೆಯಿತು. ಆದರೆ ಆ ಬಾಗಿಲು ವಿದೇಶಿಯರಿಗೆ ಮಾತ್ರ ತೆರೆದಿತ್ತು. ಸ್ವೀಡಿಷ್ ಪ್ರಜೆಯೊಬ್ಬನು ರಾಜ್ಯಧರ್ಮವನ್ನು ತೊರೆದರೆ ಗಡೀಪಾರಿನ ಶಿಕ್ಷೆಯಿತ್ತು. ಕ್ಯಾಥೊಲಿಕ್ ಪಂಥ ಸೇರಿದ ಆರು ಮಂದಿ ಮಹಿಳೆಯರನ್ನು 1858ರಷ್ಟು ಈಚೆಗೆ ದೇಶದಿಂದ ಹೊರಹಾಕಲಾಯಿತು. ಪೂರ್ಣ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಬಂದದ್ದು 1951ರಲ್ಲಿ. ಇಂದು ನಾವು ನಿರಾತಂಕವಾಗಿ ಗಣೇಶನ ಹಬ್ಬವನ್ನು ಮಾಡುವ ಈ ನೆಲದಲ್ಲಿ ಪರಧರ್ಮದ ಆರಾಧನೆ ಹಂತಹಂತವಾಗಿ ಗಳಿಸಿಕೊಂಡ ಹಕ್ಕು ಎಂಬುದನ್ನು ನೆನೆಯಬೇಕು.

ಈಗ ವ್ರತದ ಕ್ರಮಕ್ಕೆ ಬರೋಣ. ಲೆಂಟ್ ಎಂಬ ಪದವೇ ಹಳೆಯ ಇಂಗ್ಲಿಷಿನಲ್ಲಿ ವಸಂತವನ್ನು, ಅಂದರೆ ಹಗಲು ಉದ್ದವಾಗುವ ಕಾಲವನ್ನು ಸೂಚಿಸುತ್ತಿತ್ತು. ಸ್ಟಾಕ್‌ಹೋಮಿನಲ್ಲಿ ಫೆಬ್ರವರಿಯ ನಡುವೆ ಸುಮಾರು 9 ಗಂಟೆಗಳಷ್ಟಿರುವ ಹಗಲು ಏಪ್ರಿಲ್ ಮೂರನೆಯ ವಾರದ ಹೊತ್ತಿಗೆ 14 ಗಂಟೆಗಳನ್ನು ದಾಟುತ್ತದೆ. ಆ ಪದದ ಅರ್ಥ ಇಲ್ಲಿ ಕಣ್ಣಿಗೇ ಕಾಣುತ್ತದೆ. ಬೂದಿ ಬುಧವಾರದಿಂದ ಈಸ್ಟರಿನ ಹಿಂದಿನ ಶನಿವಾರದವರೆಗೆ, ಭಾನುವಾರಗಳನ್ನು ಬಿಟ್ಟು, 40 ದಿನಗಳು. 1662ರ ಗ್ರಂಥ ಈ ನಲವತ್ತನ್ನೂ ಉಪವಾಸದ ದಿನಗಳ ಪಟ್ಟಿಯಲ್ಲಿ ಸೇರಿಸುತ್ತದೆ. ಏನನ್ನು ತಿನ್ನಬೇಕು, ಏನನ್ನು ಬಿಡಬೇಕು ಎಂದು ಮಾತ್ರ ಹೇಳುವುದಿಲ್ಲ. ಅದನ್ನು ಭಕ್ತನ ಮನಸ್ಸಾಕ್ಷಿಗೆ ಬಿಡುತ್ತದೆ. ಚಾತುರ್ಮಾಸ್ಯದಲ್ಲಿ ತಿಂಗಳಿಗೊಂದರಂತೆ ಶಾಕ, ದಧಿ, ಕ್ಷೀರ, ದ್ವಿದಳಗಳನ್ನು ಕಟ್ಟುನಿಟ್ಟಾಗಿ ತ್ಯಜಿಸುವ ಹಿರಿಯರನ್ನು ಕಂಡ ನಮಗೆ ಈ ಮೌನ ವಿಶೇಷವಾಗಿ ತೋರುತ್ತದೆ.

ಇನ್ನೊಂದು ವಿಶೇಷವೆಂದರೆ, ಬೂದಿ ಬುಧವಾರದಂದು ಈ ಗ್ರಂಥದಲ್ಲಿ ಬೂದಿಯೇ ಇಲ್ಲ. ಹಣೆಗೆ ಭಸ್ಮ ಹಚ್ಚುವ ಪದ್ಧತಿಯನ್ನು ಇಂಗ್ಲೆಂಡಿನ ಸುಧಾರಕರು 1548ರಲ್ಲೇ ನಿಲ್ಲಿಸಿದರು. ಅದರ ಸ್ಥಾನದಲ್ಲಿ ಒಂದು ಗಂಭೀರ ವಿಧಿಯನ್ನಿಟ್ಟರು: ನೆರೆಹೊರೆಯವನ ಗಡಿಕಲ್ಲನ್ನು ಸರಿಸುವವನು, ಕುರುಡನನ್ನು ದಾರಿ ತಪ್ಪಿಸುವವನು, ಪರದೇಶಿಯ, ಅನಾಥನ, ವಿಧವೆಯ ನ್ಯಾಯವನ್ನು ಕೆಡಿಸುವವನು ಮುಂತಾದವರ ಮೇಲಿನ ಶಾಪವಾಕ್ಯಗಳನ್ನು ಪಾದ್ರಿ ಓದುತ್ತಾನೆ, ಪ್ರತಿಯೊಂದಕ್ಕೂ ಸಭೆ ‘ಆಮೆನ್’ ಎನ್ನುತ್ತದೆ. ಪರನಾಡಿನಲ್ಲಿ ಕುಳಿತ ವಲಸಿಗರ ಸಭೆಯೊಂದು ಪರದೇಶಿಯ ನ್ಯಾಯದ ಕುರಿತ ಈ ವಾಕ್ಯಕ್ಕೆ ದನಿಗೂಡಿಸುವಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ. 1833ರಿಂದ ಬೆಳೆದ ಆಕ್ಸ್‌ಫರ್ಡ್ ಚಳವಳಿಯ ಪ್ರಭಾವದಿಂದ ಭಸ್ಮ, ಮೇಣದಬತ್ತಿ, ಗರಿಗಳು ಅನೇಕ ಆಂಗ್ಲಿಕನ್ ಚರ್ಚುಗಳಿಗೆ ಕಾಲಕ್ರಮದಲ್ಲಿ ಹಿಂದಿರುಗಿದವು.

ಆದರೆ ವ್ರತ ಎಂದು ತೊಡಗಬೇಕು? ಇಲ್ಲಿ ನಮಗೆ ತೀರ ಪರಿಚಿತವಾದ ಒಂದು ತೊಡಕು ಎದುರಾಗುತ್ತದೆ. ಮಾರ್ಚ್ 21ರಂದು ಅಥವಾ ಅನಂತರ ಬರುವ ಮೊದಲ ಹುಣ್ಣಿಮೆಯ ಮುಂದಿನ ಭಾನುವಾರ ಈಸ್ಟರ್; ಅದು ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಬೀಳುತ್ತದೆ. ಆದರೆ ಈ ಹುಣ್ಣಿಮೆ ಆಕಾಶದ ಹುಣ್ಣಿಮೆಯಲ್ಲ, ಕೋಷ್ಟಕದ ಹುಣ್ಣಿಮೆ. ಸ್ವೀಡನ್ನಿನ ಪಂಚಾಂಗದ ಕಥೆ ಮೊದಲೇ ವಿಚಿತ್ರವಾದದ್ದು. 1700ರಲ್ಲಿ ಹಳೆಯ ಜೂಲಿಯನ್ ಪಂಚಾಂಗದಿಂದ ನಿಧಾನವಾಗಿ ಹೊರಬರಲು ತೊಡಗಿ, ನಡುವೆ ಕೈಬಿಟ್ಟು, ತಪ್ಪಿದ ದಿನವನ್ನು ಸರಿಪಡಿಸಲು 1712ರಲ್ಲಿ ಫೆಬ್ರವರಿ 30 ಎಂಬ ದಿನವನ್ನೇ ಸೃಷ್ಟಿಸಿದ ದೇಶವಿದು. ಬ್ರಿಟನ್ 1752ರಲ್ಲಿ, ಸ್ವೀಡನ್ 1753ರಲ್ಲಿ ಗ್ರೆಗೋರಿಯನ್ ಪಂಚಾಂಗಕ್ಕೆ ಬಂದವು. ಹಾಗಿದ್ದರೂ ಸ್ವೀಡನ್ 1740ರಿಂದ 1844ರವರೆಗೆ ಈಸ್ಟರಿನ ಹುಣ್ಣಿಮೆಯನ್ನು ಖಗೋಳ ಗಣಿತದಿಂದಲೇ ನಿರ್ಣಯಿಸುತ್ತಿತ್ತು. ಇಂಗ್ಲಿಷ್ ಪ್ರಾರ್ಥನಾ ಗ್ರಂಥ ತನ್ನ ಕೋಷ್ಟಕಗಳನ್ನು ಬಿಡಲಿಲ್ಲ.

ಪರಿಣಾಮವಾಗಿ 1802, 1805 ಮತ್ತು 1818ರಲ್ಲಿ ಎರಡು ಈಸ್ಟರುಗಳ ನಡುವೆ ಒಂದು ವಾರದ ಅಂತರ ಬಿತ್ತು. 1802ರಲ್ಲಿ ಕೋಷ್ಟಕದ ಹುಣ್ಣಿಮೆ ಏಪ್ರಿಲ್ 17ರ ಶನಿವಾರ; ಆದ್ದರಿಂದ ಇಂಗ್ಲಿಷ್ ಗ್ರಂಥದ ಈಸ್ಟರ್ ಏಪ್ರಿಲ್ 18. ಸ್ವೀಡಿಷ್ ಗಣಿತದಲ್ಲಿ ಹುಣ್ಣಿಮೆ ಭಾನುವಾರಕ್ಕೇ ಸರಿದು ಈಸ್ಟರ್ ಏಪ್ರಿಲ್ 25ಕ್ಕೆ ಹೋಯಿತು. ಗೋಥೆನ್‌ಬರ್ಗಿನ ಇಂಗ್ಲಿಷ್ ವರ್ತಕನ ಗ್ರಂಥ ಪುನರುತ್ಥಾನದ ಹರ್ಷವನ್ನು ಸಾರುತ್ತಿದ್ದ ದಿನ, ನಗರದ ಸ್ವೀಡಿಷ್ ಚರ್ಚುಗಳಲ್ಲಿ ಇನ್ನೂ ಗರಿಗಳ ಭಾನುವಾರ. ಒಬ್ಬರ ಹಬ್ಬದ ವಾರ ಇನ್ನೊಬ್ಬರ ಶೋಕದ ವಾರ. ಸ್ಮಾರ್ತರ ಏಕಾದಶಿ ಒಂದು ದಿನ, ಮಾಧ್ವರ ಏಕಾದಶಿ ಮರುದಿನ ಬರುವುದನ್ನೂ, ದೃಗ್ಗಣಿತ ಪಂಚಾಂಗಕ್ಕೂ ವಾಕ್ಯ ಪಂಚಾಂಗಕ್ಕೂ ನಡೆಯುವ ವಾದವನ್ನೂ ಬಲ್ಲ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಸೂರ್ಯೋದಯಕ್ಕಿದ್ದ ತಿಥಿ ಸ್ಟಾಕ್‌ಹೋಮಿನ ಸೂರ್ಯೋದಯಕ್ಕೆ ಇರಲೇಬೇಕೆಂದಿಲ್ಲ. ಊರಿನವರೊಡನೆ ಹಬ್ಬ ಮಾಡಬೇಕೋ, ಇರುವ ನೆಲದ ಸೂರ್ಯನನ್ನು ನಂಬಬೇಕೋ ಎಂಬ ಚರ್ಚೆ ನಮ್ಮ ಮನೆಗಳಲ್ಲೂ ಯುಗಾದಿಯ ಹಿಂದಿನ ವಾರ ಏಳುವುದುಂಟು.

ಲೆಂಟಿನ ಕೊನೆಯ ವಾರವನ್ನು ಪ್ರಾರ್ಥನಾ ಗ್ರಂಥ ಪಾರಾಯಣದಂತೆ ಹೊಂದಿಸಿದೆ. ಗರಿಗಳ ಭಾನುವಾರ ಮತ್ತಾಯನ ಸುವಾರ್ತೆಯಿಂದ ಯೇಸುವಿನ ಯಾತನೆಯ ಕಥನ. ಸೋಮವಾರ, ಮಂಗಳವಾರ ಮಾರ್ಕನಿಂದ. ಬುಧವಾರ, ಗುರುವಾರ ಲೂಕನಿಂದ. ಶುಭ ಶುಕ್ರವಾರ ಯೋಹಾನನಿಂದ. ಸಪ್ತಾಹದಲ್ಲಿ ಭಾಗವತವನ್ನು ಮುಗಿಸುವ ನಮ್ಮ ಕ್ರಮದಂತೆ, ಒಂದೇ ಕಥೆಯನ್ನು ನಾಲ್ವರ ಬಾಯಿಂದ ಕೇಳುವ ವಾರವಿದು. ಹೊರಗಿನ ಸಮಾಜವೂ ಒಂದು ಕಾಲದಲ್ಲಿ ಇದಕ್ಕೆ ಮೌನದ ಹಿನ್ನೆಲೆ ಒದಗಿಸುತ್ತಿತ್ತು: ಸ್ವೀಡನ್ನಿನಲ್ಲಿ ‘ದೀರ್ಘ ಶುಕ್ರವಾರ’ವೆಂದು ಕರೆಯುವ ಆ ದಿನ ಸಾರ್ವಜನಿಕ ಮನರಂಜನೆಗೆ 1969ರವರೆಗೆ ನಿಷೇಧವಿತ್ತು.

ಆ ಶುಕ್ರವಾರದ ಪ್ರಾರ್ಥನೆಗಳಲ್ಲಿ ಒಂದು ನಮ್ಮನ್ನು ತಡೆದು ನಿಲ್ಲಿಸುತ್ತದೆ. 1662ರ ಗ್ರಂಥದ ಮೂರನೆಯ ಪ್ರಾರ್ಥನೆ ಯೆಹೂದ್ಯರನ್ನು, ತುರುಕರನ್ನು, ಅವಿಶ್ವಾಸಿಗಳನ್ನು, ಪಾಷಂಡಿಗಳನ್ನು ಹೆಸರಿಸಿ, ಅವರ ಅಜ್ಞಾನ ಕಳೆದು ಅವರೆಲ್ಲ ಒಂದೇ ಮಂದೆಗೆ ಸೇರಲೆಂದು ಬೇಡುತ್ತದೆ. ಈ ಪಟ್ಟಿಯಲ್ಲಿ ನಮ್ಮ ಹಿರಿಯರ ಸ್ಥಾನ ಎಲ್ಲಿ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹಳೆಯ ಮಾತುಗಳ ಸೊಗಸನ್ನು ಕಾಪಾಡುವ ಸಭೆ ಹಳೆಯ ಮಾತುಗಳ ಗಾಯವನ್ನೂ ಹೊರಬೇಕಾಗುತ್ತದೆ. ಇಂಗ್ಲೆಂಡಿನ ಚರ್ಚು 2000ದಿಂದ ಬಳಕೆಗೆ ತಂದ ಹೊಸ ಆರಾಧನಾ ಕ್ರಮದಲ್ಲಿ ಈ ಪಟ್ಟಿಯಿಲ್ಲ. ಹಳೆಯ ಗ್ರಂಥವೂ ಅಧಿಕೃತವಾಗಿಯೇ ಉಳಿದಿದೆ. ಹಿರಿಯರ ಪಾಠವನ್ನು ಅಕ್ಷರಶಃ ಒಪ್ಪಿಸುವುದೋ, ಕಾಲಕ್ಕೆ ತಕ್ಕಂತೆ ತಿದ್ದಿ ಓದುವುದೋ ಎಂಬ ಪ್ರಶ್ನೆಯನ್ನು ಯಾವ ಪರಂಪರೆಯೂ ತಪ್ಪಿಸಿಕೊಳ್ಳಲಾರದು. ನಮ್ಮದಂತೂ ಅಲ್ಲವೇ ಅಲ್ಲ.

ಈಸ್ಟರ್ ಭಾನುವಾರ ಬೆಳಗಿನ ಆರಾಧನೆಯಲ್ಲಿ ನಿತ್ಯದ ಕೀರ್ತನೆಯ ಬದಲಿಗೆ ಈಸ್ಟರಿನ ವಿಶೇಷ ಗೀತಪಾಠಗಳು ಬರುತ್ತವೆ. ಪ್ರತಿಯೊಬ್ಬ ಸಭಾಸದನೂ ವರ್ಷಕ್ಕೆ ಕನಿಷ್ಠ ಮೂರು ಬಾರಿ ಪ್ರಭುಭೋಜನ ಸ್ವೀಕರಿಸಬೇಕು, ಅವುಗಳಲ್ಲಿ ಈಸ್ಟರ್ ಒಂದಾಗಿರಬೇಕು ಎಂಬುದು ಗ್ರಂಥದ ವಿಧಿ. ಸಣ್ಣ ಸಭೆಗೆ ಈ ವಿಧಿ ಬಹಳ ಮುಖ್ಯ. ವರ್ಷವಿಡೀ ಚದುರಿದ್ದವರು ಒಮ್ಮೆಯಾದರೂ ಒಂದೆಡೆ ಸೇರುವ ದಿನ ಅದು.

ಸೇರಲು ಮನೆಯೂ ಬೇಕಷ್ಟೆ. ಗೋಥೆನ್‌ಬರ್ಗಿನಲ್ಲಿ ಸಂತ ಆಂಡ್ರೂ ಚರ್ಚು 1857ರಲ್ಲಿ ನಿರ್ಮಾಣವಾಯಿತು. ಸ್ಟಾಕ್‌ಹೋಮಿನಲ್ಲಿ ಸ್ಕಾಟಿಷ್ ವಾಸ್ತುಶಿಲ್ಪಿ ಜೇಮ್ಸ್ ಸೌಟರ್ ರೂಪಿಸಿದ ಚರ್ಚು 1866ರಲ್ಲಿ ವಾಲಿನ್‌ಗಾತನ್ ಬೀದಿಯಲ್ಲಿ ಎದ್ದಿತು. 1913ರಲ್ಲಿ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಈಗಿನ ದಿಪ್ಲೊಮಾತ್‌ಸ್ತಾದನ್ ಬಡಾವಣೆಗೆ ಸಾಗಿಸಿ ಮತ್ತೆ ಕಟ್ಟಿದರು. ಆ ಚರ್ಚಿನ ಹೆಸರಿನಲ್ಲಿ ಇಬ್ಬರು ಸಂತರಿದ್ದಾರೆ, ಪೀಟರ್ ಮತ್ತು ಸಿಗ್‌ಫ್ರಿಡ್. ಈ ಸಿಗ್‌ಫ್ರಿಡ್ 11ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನಿಂದ ಬಂದು ಹೂಸಬಿಯಲ್ಲಿ ದೊರೆ ಓಲೋಫ್ ಶೋತ್‌ಕೊನುಂಗನಿಗೆ ದೀಕ್ಷಾಸ್ನಾನ ಮಾಡಿಸಿದನೆಂದು ಪ್ರತೀತಿ. ವಲಸಿಗರು ತಮ್ಮ ಚರ್ಚಿಗೆ ಆ ಹೆಸರಿಟ್ಟು, ನಾವು ಇಲ್ಲಿಗೆ ತೀರ ಹೊಸಬರಲ್ಲ ಎಂದು ಮೆಲುದನಿಯಲ್ಲಿ ಹೇಳಿದಂತಿದೆ.

ಆತಿಥೇಯರೂ ಹತ್ತಿರ ಬಂದರು. ಆರ್ಚ್‌ಬಿಷಪ್ ನಾಥಾನ್ ಸೋಡರ್‌ಬ್ಲೂಮ್ ಅವರ ಕಾಲದಲ್ಲಿ, 1920ರ ಸೆಪ್ಟೆಂಬರಿನಲ್ಲಿ ಉಪ್ಸಾಲಾ ಕೆಥೆಡ್ರಲಿನಲ್ಲಿ ನಡೆದ ಬಿಷಪ್ ದೀಕ್ಷಾವಿಧಿಯಲ್ಲಿ ಇಂಗ್ಲಿಷ್ ಬಿಷಪ್ಪರೂ ಕೈಯಿರಿಸಿ ಪಾಲ್ಗೊಂಡರು. 1996ರಲ್ಲಿ ಸಹಿಯಾದ ಪೊರ್ವೂ ಒಪ್ಪಂದ ಎರಡು ಚರ್ಚುಗಳನ್ನು ಪೂರ್ಣ ಸಹಭಾಗಿತ್ವಕ್ಕೆ ತಂದಿತು. ನಮ್ಮ ನಾಡಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ 1808ರಲ್ಲಿ ಅಡಿಗಲ್ಲಿಟ್ಟ ಸಂತ ಮಾರ್ಕ್ ಕೆಥೆಡ್ರಲ್ ಮೊದಲಾದ ಆಂಗ್ಲಿಕನ್ ಚರ್ಚುಗಳು 1947ರ ಸೆಪ್ಟೆಂಬರ್ 27ರಂದು ಮೆಥಡಿಸ್ಟ್ ಮತ್ತಿತರ ಪರಂಪರೆಗಳೊಡನೆ ಬೆರೆತು ದಕ್ಷಿಣ ಭಾರತ ಸಭೆಯಾದವು. ಅಲ್ಲಿ ಲೆಂಟ್ ಕನ್ನಡದಲ್ಲೂ ನಡೆಯುತ್ತದೆ. ಸ್ವೀಡನ್ನಿನಲ್ಲಿ ಆಂಗ್ಲಿಕನ್ನರು ಬೆರೆತು ಹೋಗಲಿಲ್ಲ, ಬೇರಾಗಿಯೂ ಉಳಿಯಲಿಲ್ಲ. ಸ್ನೇಹದಿಂದ ಪಕ್ಕದಲ್ಲಿ ನಿಂತರು.

ಇಷ್ಟು ಕಾಲ ಈ ಸಭೆಗಳನ್ನು ಉಳಿಸಿದ್ದು ಯಾವುದು? ಸಂಖ್ಯೆಯಂತೂ ಅಲ್ಲ. ವರ್ತಕರು ಬಂದರು, ಹೋದರು. ಅವರ ಮಕ್ಕಳಲ್ಲಿ ಅನೇಕರು ಸ್ವೀಡಿಷರೇ ಆದರು. ಗೋಥೆನ್‌ಬರ್ಗಿನ ಪ್ರಸಿದ್ಧ ವಿದ್ಯಾಸಂಸ್ಥೆಗೆ ಹೆಸರು ಕೊಟ್ಟ ವಿಲಿಯಂ ಚಾಲ್ಮರ್ಸ್ ಸ್ಕಾಟಿಷ್ ತಂದೆಯ ಮಗನಾಗಿ ಆ ಊರಿನಲ್ಲೇ ಹುಟ್ಟಿದವನು. ಉಳಿದದ್ದು ಒಂದು ಗ್ರಂಥ, ಒಂದು ಪಂಚಾಂಗ, ವರ್ಷಕ್ಕೊಮ್ಮೆಯಾದರೂ ಕೂಡಬೇಕೆಂಬ ಕಟ್ಟಳೆ. ಕಟ್ಟಡವನ್ನು ಬಿಚ್ಚಿ ಬೇರೆಡೆ ಕಟ್ಟಬಹುದು, ಅದನ್ನವರು ಮಾಡಿಯೂ ತೋರಿಸಿದರು. ಕೂಡುವ ಅಭ್ಯಾಸ ಒಮ್ಮೆ ಬಿಚ್ಚಿಕೊಂಡರೆ ಮತ್ತೆ ಕಟ್ಟುವುದು ಅಷ್ಟು ಸುಲಭವಲ್ಲ. ನಮ್ಮ ಮಕ್ಕಳಿಗೆ ಕನ್ನಡ ಎಷ್ಟು ಉಳಿದೀತು ಎಂದು ಚಿಂತಿಸುವ ನಾವು ನೆರೆಯವರ ಈ ಅನುಭವದಿಂದ ಒಂದು ಮಾತನ್ನು ಕಲಿಯಬಹುದು: ಅರ್ಥವಾಗದ ಹಳೆಯ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು, ನೋಯಿಸುವ ಮಾತನ್ನು ತಿದ್ದಲು ಅಂಜಬಾರದು, ತಿಥಿಯ ವಿಷಯದಲ್ಲಿ ಭಿನ್ನಮತವಿದ್ದರೂ ಹಬ್ಬವನ್ನು ಮಾತ್ರ ಬಿಡಬಾರದು. ಬರುವ ವಸಂತದಲ್ಲಿ ತಮ್ಮ ಊರಿನ ಇಂಗ್ಲಿಷ್ ಚರ್ಚಿನ ಮುಂದೆ ಹಾದುಹೋಗುವವರು ಅದರ ಹಳೆಯ ಕಲ್ಲುಗಳನ್ನು ಒಮ್ಮೆ ನಿಂತು ನೋಡಲಿ ಎಂದು ಕೋರುತ್ತೇವೆ.